ಒಂದು ಕಡೆ ಆಳ, ಇನ್ನೊಂದು ಕಡೆ ಬರೀ ಗೀರು

ಈ ಸಲ ಬಂದ ಪತ್ರಗಳಲ್ಲಿ ಐದರ ತಕರಾರು ಹೆಚ್ಚುಕಡಿಮೆ ಒಂದೇ. ಮನೆಯಲ್ಲಿ ಇಟ್ಟುಕೊಂಡ ಸಣ್ಣ ಸಿಎನ್‌ಸಿ ರೌಟರ್, ಅಂದರೆ ಕಂಪ್ಯೂಟರ್ ಹೇಳಿದ ದಾರಿಯಲ್ಲಿ ಬಿಟ್ (ತಿರುಗುವ ಕೆತ್ತುವ ಮೊನೆ) ಓಡಿಸುವ ಯಂತ್ರ, ಎಲ್ಲ ಕಡೆ ಒಂದೇ ಆಳಕ್ಕೆ ಕೆತ್ತುತ್ತಿಲ್ಲ. ಹಾಗಾಗಿ ಈ ಸಂಚಿಕೆ ಪೂರ್ತಿ ಅದಕ್ಕೇ. ಸೋಲಾರ್ ಇನ್ವರ್ಟರ್ ಬಗ್ಗೆ ಕೇಳಿದವರು ಮುಂದಿನ ಸಲದವರೆಗೆ ಸ್ವಲ್ಪ ತಡೆದುಕೊಳ್ಳಿ.

ಪ್ರಶ್ನೆ: ಸರ್, ನನ್ನ ಹತ್ತಿರ 3018 ಮಾದರಿಯ ಸಿಎನ್‌ಸಿ ಇದೆ. ಆನ್‌ಲೈನ್‌ನಲ್ಲಿ ತರಿಸಿ ನಾನೇ ಜೋಡಿಸಿದ್ದು. ಮನೆಗಳಿಗೆ ನೇಮ್ ಬೋರ್ಡ್ ಕೆತ್ತಿಕೊಡುತ್ತೇನೆ. 12 ಮಿ.ಮೀ. ಪ್ಲೈವುಡ್, ಕೆಲವೊಮ್ಮೆ ತೇಗ. ಬಿಟ್ 90 ಡಿಗ್ರಿಯ ವಿ-ಬಿಟ್, ತುದಿ V ಆಕಾರದ್ದು. ಹೋದ ವಾರ ‘ಶ್ರೀ ಲಕ್ಷ್ಮೀ ನಿಲಯ’ ಅಂತ ಕೆತ್ತಿದೆ. ‘ಶ್ರೀ’ ಸರಿಯಾಗಿ ಬಂತು, ‘ನಿಲಯ’ಕ್ಕೆ ಬರುವಷ್ಟರಲ್ಲಿ ಅಕ್ಷರ ಊದಿಕೊಂಡ ಹಾಗೆ ದಪ್ಪ. ಮರುದಿನ ಇನ್ನೊಂದು ಬೋರ್ಡ್ ಹಾಕಿದೆ, ಅದರಲ್ಲಿ ನಡುವೆ ಮಾತ್ರ ಆಳ, ಎರಡೂ ತುದಿ ಬರೀ ಗೀರು. ಸ್ಟೆಪ್ಸ್ ಪರ್ ಎಂಎಂ (1 ಮಿ.ಮೀ. ಸರಿಯಲು ಮೋಟರ್ ಇಡಬೇಕಾದ ಸ್ಟೆಪ್‌ಗಳ ಸಂಖ್ಯೆ) ಲೆಕ್ಕವನ್ನು ಎರಡು ಸಲ ಬದಲಾಯಿಸಿ ನೋಡಿದೆ, ಏನೂ ಆಗಲಿಲ್ಲ. ಬಿಟ್ ಹೊಸದು. ಗಿರಾಕಿಗೆ ಮುಖ ತೋರಿಸೋಕೆ ನಾಚಿಕೆಯಾಗುತ್ತಿದೆ. ಏನು ಮಾಡಲಿ?
— ಓದುಗರೊಬ್ಬರು, ಹಾಸನ

ಉತ್ತರ: ಮೊದಲು ಆ ಸ್ಟೆಪ್ಸ್ ಪರ್ ಎಂಎಂ ಹಳೆಯ ಅಂಕಿಗೇ ವಾಪಸ್ ಹಾಕಿ. ಅದು ತಪ್ಪಿದ್ದರೆ ಆಳ ಎಲ್ಲ ಕಡೆ ಒಂದೇ ಅಳತೆಯಲ್ಲಿ ತಪ್ಪುತ್ತದೆ. 1 ಮಿ.ಮೀ. ಕೇಳಿದರೆ 1.2 ಇಳಿಯುತ್ತದೆ, ‘ಶ್ರೀ’ಯಲ್ಲೂ 1.2, ‘ನಿಲಯ’ದಲ್ಲೂ 1.2. ಒಂದು ಕಡೆ ಸರಿ ಇನ್ನೊಂದು ಕಡೆ ತಪ್ಪು ಅಂದರೆ ಲೆಕ್ಕದ ಅಂಕಿ ಕಾರಣ ಅಲ್ಲ. ಹಳೆಯ ಅಂಕಿ ಮರೆತಿದ್ದರೆ ಹೀಗೆ ಕಂಡುಹಿಡಿಯಿರಿ: ಮೋಟರ್ ಒಂದು ಸುತ್ತಿಗೆ 200 ಸ್ಟೆಪ್, ಮೋಟರ್ ಓಡಿಸುವ ಡ್ರೈವರ್ ಪ್ರತಿ ಸ್ಟೆಪ್ಪನ್ನು 16 ಮೈಕ್ರೊಸ್ಟೆಪ್ ಆಗಿ ಒಡೆಯುವುದಾದರೆ 3200. ನಿಮ್ಮ ಲೀಡ್ ಸ್ಕ್ರೂ (ಬಿಟ್ ಏರಿಸಿ ಇಳಿಸುವ ಉದ್ದ ಸ್ಕ್ರೂ) ಒಂದು ಸುತ್ತಿಗೆ 4 ಮಿ.ಮೀ. ಇಳಿಸುವುದಾದರೆ 800, 8 ಮಿ.ಮೀ. ಇಳಿಸುವುದಾದರೆ 400. ಕಂಟ್ರೋಲರ್ ಒಳಗಿನ ಜಿಆರ್‌ಬಿಎಲ್ ಸಾಫ್ಟ್‌ವೇರ್‌ನಲ್ಲಿ ಝಡ್‌ಗೆ, ಅಂದರೆ ಮೇಲೆ ಕೆಳಗಿನ ಓಡಾಟಕ್ಕೆ, ಇದು $102 ಅನ್ನುವ ಸೆಟ್ಟಿಂಗ್. ಒಂದು ಸಲ ಸರಿಯಾಗಿ ಹಾಕಿದ ಮೇಲೆ ಅದರ ತಂಟೆಗೆ ಹೋಗಬೇಡಿ.

ಇನ್ನು ನಿಮ್ಮ ಪತ್ರದಲ್ಲಿರುವುದು ಒಂದು ಕಾಯಿಲೆ ಅಲ್ಲ, ಎರಡು. ಎರಡನೇ ಬೋರ್ಡ್‌ನದ್ದು ಸುಲಭ. ನಡುವೆ ಆಳ, ತುದಿಯಲ್ಲಿ ಗೀರು ಅಂದರೆ ಹಲಗೆಯ ನಡುಭಾಗ ಮೇಲೆದ್ದಿದೆ. ಎರಡೂ ತುದಿಗೆ ಕ್ಲಾಂಪ್ ಹಾಕಿ ಬಿಗಿದಿರುತ್ತೀರಿ, ಬಾಗಿದ ಪ್ಲೈವುಡ್ ನಡುವೆ ಬಿಲ್ಲಿನ ಹಾಗೆ ಎದ್ದು ನಿಂತಿರುತ್ತದೆ. ಬೆರಳಿಂದ ನಡುವೆ ಒತ್ತಿ ನೋಡಿ, ಟಕ್ ಅಂತ ಕೆಳಗೆ ಹೋದರೆ ಅನುಮಾನವೇ ಬೇಡ. ಮಳೆಗಾಲದಲ್ಲಿ ಇದು ಜಾಸ್ತಿ. ಗೋಡೆಗೆ ಒರಗಿಸಿಟ್ಟ ಹಲಗೆಯಂತೂ ಬಾಗದೇ ಇರುವುದಿಲ್ಲ. ಹಲಗೆಯನ್ನು ಮಲಗಿಸಿ, ಮೇಲೆ ಭಾರ ಹೇರಿ ಇಡಿ. ಕೆತ್ತುವಾಗ ಎರಡೂ ಬದಿ ಅಂಟುವ ಟೇಪನ್ನು ನಡುವೆಯೂ ಹಾಕಿ. ನಾನು ಮಾಡುವುದು ಇನ್ನೂ ಅಗ್ಗದ ದಾರಿ: ಬೆಡ್‌ಗೂ (ಯಂತ್ರದಲ್ಲಿ ಹಲಗೆ ಕೂರುವ ಜಾಗ) ಹಲಗೆಯ ಅಡಿಗೂ ಪೇಂಟರ್‌ಗಳು ಬಳಸುವ ಮಾಸ್ಕಿಂಗ್ ಟೇಪ್ ಅಂಟಿಸಿ, ಎರಡು ಟೇಪ್‌ಗಳ ನಡುವೆ ಸೂಪರ್ ಗ್ಲೂ ಹನಿ ಬಿಟ್ಟು ಒತ್ತಿ ಹಿಡಿಯುವುದು. ಆಮೇಲೆ ಟೇಪ್ ಕಿತ್ತರೆ ಮರಕ್ಕೆ ಏನೂ ಆಗಿರುವುದಿಲ್ಲ.

ಮೊದಲನೇ ಬೋರ್ಡ್‌ನದ್ದು ಗಟ್ಟಿ ಪ್ರಶ್ನೆ. ಅದಕ್ಕೆ ಉತ್ತರ ಹೇಳುವ ಮೊದಲು ನೀವು ಯಂತ್ರವನ್ನು ಒಂದು ಮಾತು ಕೇಳಬೇಕು: ಹೊರಟ ಜಾಗಕ್ಕೆ ವಾಪಸ್ ಬಂದೆಯಾ? ಇದೊಂದು ಗೊತ್ತಾಗದೆ ಸ್ಕ್ರೂ ಬಿಗಿಯೋದು, ಬಿಟ್ ಬದಲಾಯಿಸೋದು, ಸಾಫ್ಟ್‌ವೇರ್ ಹೊಸದಾಗಿ ಹಾಕೋದು ಎಲ್ಲ ಸುಮ್ನೆ.

ಕೇಳುವುದು ಹೀಗೆ. ಹಲಗೆಯ ಒಂದು ಮೂಲೆಯಲ್ಲಿ, ಕೆತ್ತನೆ ಬರದ ಜಾಗದಲ್ಲಿ, ಪೆನ್ಸಿಲ್‌ನಲ್ಲಿ ಒಂದು ಗುರುತು ಹಾಕಿ. ಅಲ್ಲಿ ಒಂದು ಎ4 ಹಾಳೆಯ ಚೂರು ಇಟ್ಟು, ಸ್ಪಿಂಡಲ್ (ಬಿಟ್ ತಿರುಗಿಸುವ ಮೋಟರ್) ಆಫ್ ಮಾಡಿ, ಬಿಟ್ಟನ್ನು 0.05 ಮಿ.ಮೀ. ಲೆಕ್ಕದಲ್ಲಿ ಇಳಿಸುತ್ತಾ ಬನ್ನಿ. ಹಾಳೆ ಎಳೆದಾಗ ಲಘುವಾಗಿ ಹಿಡಿದ ಹಾಗೆ ಆದರೆ ಅಲ್ಲಿ ಝಡ್ ಸೊನ್ನೆ ಮಾಡಿ. ಆ ಜಾಗದ ಎಕ್ಸ್, ವೈ ಬರೆದಿಟ್ಟುಕೊಳ್ಳಿ. ಕೆಲಸ ಮುಗಿಯಲಿ. ಏನನ್ನೂ ಮುಟ್ಟದೆ ಅದೇ ಜಾಗಕ್ಕೆ ಹೋಗಿ, ಅದೇ ಹಾಳೆ ಇಟ್ಟು, ಮತ್ತೆ ನಿಧಾನಕ್ಕೆ ಇಳಿಸಿ. ಹಾಳೆ ಹಿಡಿದಾಗ ಪರದೆಯ ಮೇಲೆ ಝಡ್ ಎಷ್ಟಿದೆ ನೋಡಿ. ಸೊನ್ನೆ ಅಥವಾ 0.05ರ ಆಸುಪಾಸು ಇದ್ದರೆ ಯಂತ್ರ ನಿಯತ್ತಾಗಿದೆ, ತಪ್ಪು ಬೆಡ್‌ನಲ್ಲೋ ಮರದಲ್ಲೋ ಇದೆ. ಪರದೆ ಇನ್ನೂ 0.4 ಮೇಲಿದ್ದೇನೆ ಅನ್ನುವಾಗಲೇ ಬಿಟ್ ಹಾಳೆಗೆ ತಾಗಿತು ಅಂದರೆ, ಬಿಟ್ ತಾನು ಇರಬೇಕಾದ್ದಕ್ಕಿಂತ 0.4 ಕೆಳಗಿದೆ. ಹಾಗಾದಾಗ ಬರಬರುತ್ತಾ ಆಳ ಜಾಸ್ತಿ ಆಗುತ್ತದೆ. ಮೈನಸ್‌ಗೆ ಹೋದ ಮೇಲೆ ತಾಗಿದರೆ ಉಲ್ಟಾ, ಬರಬರುತ್ತಾ ತೆಳುವಾಗುತ್ತದೆ.

ಸೊನ್ನೆ ಸರಿಯಿದೆ ಅಂತ ಬಂತು ಅಂದುಕೊಳ್ಳಿ. ಆಗ ಬೆಡ್‌ನ ನಾಲ್ಕು ಮೂಲೆ ಮತ್ತು ನಡುವೆ ಇದೇ ಹಾಳೆಯ ಪರೀಕ್ಷೆ ಮಾಡಿ ಐದು ಅಂಕಿ ಬರೆಯಿರಿ. ಎಡಕ್ಕೂ ಬಲಕ್ಕೂ 0.3 ಮಿ.ಮೀ. ವ್ಯತ್ಯಾಸ ಕಂಡರೆ ಅದೇನು ಮಹಾ ಅಂತ ಅನಿಸಬಹುದು. ಆದರೆ 90 ಡಿಗ್ರಿ ವಿ-ಬಿಟ್‌ನಲ್ಲಿ ಆಳಕ್ಕೆ ಎರಡು ಪಟ್ಟು ಅಗಲ. 0.3 ಆಳ ಜಾಸ್ತಿಯಾದರೆ ಗೆರೆ 0.6 ದಪ್ಪ. ಸಣ್ಣ ಅಕ್ಷರದಲ್ಲಿ ಅದು ಎದ್ದು ಕಾಣುತ್ತದೆ. 60 ಡಿಗ್ರಿ ಬಿಟ್ ಹಾಕಿದರೆ ಅದೇ ತಪ್ಪು ಸುಮಾರು 0.35ಕ್ಕೆ ಇಳಿಯುತ್ತದೆ. ಕಾಯಿಲೆ ವಾಸಿಯಾಗಲಿಲ್ಲ, ಆದರೆ ಗಿರಾಕಿಯ ಕಣ್ಣಿಗೆ ಬೀಳುವುದು ಕಡಿಮೆ ಆಗುತ್ತದೆ. ತುರ್ತಿಗೆ ಇದು ಸಾಕು.

ಪೂರ್ತಿ ವಾಸಿಯಾಗಬೇಕಾದರೆ ಬೆಡ್ ಮೇಲೆ ಒಂದು ಎಂಡಿಎಫ್ ಹಲಗೆ ಸ್ಕ್ರೂ ಮಾಡಿ, ಯಂತ್ರದಿಂದಲೇ ಅದರ ಮೇಲ್ಮೈ ಕೆರೆಸಿ. ಅದನ್ನು ವೇಸ್ಟ್ ಬೋರ್ಡ್ ಅನ್ನುತ್ತಾರೆ. ಹೆಸರಿಗೆ ವೇಸ್ಟ್, ಆದರೆ ಯಂತ್ರದಲ್ಲಿ ನಾನು ಅತಿ ಹೆಚ್ಚು ಜೋಪಾನ ಮಾಡುವುದು ಅದನ್ನೇ. ಸ್ಕ್ರೂ ತಲೆಗಳನ್ನು ಮರದೊಳಗೆ ಆಳಕ್ಕೆ ಕೂರಿಸಿ, ಇಲ್ಲದಿದ್ದರೆ ಬಿಟ್ಟಿಗೆ ಕಬ್ಬಿಣ ಸಿಕ್ಕಿ ಬಿಟ್ ಚೂರಾಗುತ್ತದೆ. ಒಂದು ಸಲಕ್ಕೆ 0.2 ಅಥವಾ 0.3ಕ್ಕಿಂತ ಜಾಸ್ತಿ ಕೆರೆಯಬೇಡಿ. ಕೆರೆಯುವ ಮೊದಲು ಇಡೀ ಹಲಗೆಯ ಮೇಲೆ ಪೆನ್ಸಿಲ್‌ನಿಂದ ಗೀಚಿಡಿ, ಗೀಚು ಪೂರ್ತಿ ಅಳಿಸಿ ಹೋಗುವವರೆಗೆ ಕೆರೆದರೆ ಮಟ್ಟ ಬಂತು ಅಂತ ಅರ್ಥ. ಆದರೆ ಎಂಡಿಎಫ್ ತೇವ ಕುಡಿದು ಊದುತ್ತದೆ. ಬೇಸಿಗೆಯಲ್ಲಿ ಕೆರೆದದ್ದನ್ನು ಮಳೆಗಾಲದಲ್ಲಿ ಇನ್ನೊಮ್ಮೆ ನೋಡಬೇಕು. ರಸಮಟ್ಟ ಇಟ್ಟು ನೋಡಿ ಮೇಜು ಸಮ ಮಾಡಿದ್ದೇನೆ ಅಂತ ಕೆಲವರು ಬರೆಯುತ್ತಾರೆ. ಮೇಜು ಓರೆ ಇದ್ದರೂ ಪರವಾಗಿಲ್ಲ, ಬಿಟ್ ಓಡಾಡುವ ದಾರಿಗೂ ಬೆಡ್‌ಗೂ ಅಂತರ ಎಲ್ಲ ಕಡೆ ಒಂದೇ ಇರಬೇಕು, ಅಷ್ಟೇ.

ಇನ್ನು ಸೊನ್ನೆ ತಪ್ಪಿದೆ ಅಂತ ಬಂದರೆ? ನಿಮ್ಮ ‘ನಿಲಯ’ ದಪ್ಪ ಆಗಿದ್ದಕ್ಕೆ ನನಗೆ ಅನುಮಾನ ಇಲ್ಲೇ. ಯಾಕೆಂದರೆ ಅದು ಕೊನೆಗೆ ಕೆತ್ತಿದ ಪದ ಇರಬೇಕು. ಒಂದು ಮಾರ್ಕರ್ ಪೆನ್ ತಗೊಳ್ಳಿ. ಬಿಟ್‌ನ ಕಾಂಡ ಕಾಲೆಟ್ (ಬಿಟ್ಟನ್ನು ಬಿಗಿ ಹಿಡಿಯುವ ಸೀಳು ಕೊಳವೆ) ನಟ್‌ನಿಂದ ಹೊರಗೆ ಬರುವ ಜಾಗದಲ್ಲಿ ಸುತ್ತ ಒಂದು ಗೆರೆ ಎಳೆಯಿರಿ. ಸ್ಪಿಂಡಲ್ ಮೋಟರ್‌ಗೂ ಅದನ್ನು ಹಿಡಿದಿರುವ ಕ್ಲಾಂಪ್‌ಗೂ ಅಡ್ಡವಾಗಿ ಒಂದು ಗೆರೆ. ಝಡ್ ಮೋಟರ್‌ನ ಶಾಫ್ಟಿನಿಂದ ಕಪ್ಲರ್ (ಶಾಫ್ಟನ್ನೂ ಸ್ಕ್ರೂವನ್ನೂ ಜೋಡಿಸುವ ತುಂಡು) ಮೇಲೆ ಹಾದು ಲೀಡ್ ಸ್ಕ್ರೂವರೆಗೆ ಉದ್ದಕ್ಕೆ ಇನ್ನೊಂದು ಗೆರೆ. ಈಗ ಕೆಲಸ ಓಡಿಸಿ, ಮುಗಿದ ಮೇಲೆ ಯಾವ ಗೆರೆ ಮುರಿದಿದೆ ನೋಡಿ. ಮುರಿದ ಗೆರೆಯೇ ಕಳ್ಳ.

ಬಿಟ್‌ನ ಗೆರೆ ನಟ್‌ನಿಂದ ದೂರ ಹೋಗಿದ್ದರೆ ಬಿಟ್ ಕೆಳಗೆ ಜಾರಿದೆ. ಇದು ನನಗೇ ಆಗಿದೆ, ಒಂದು ಬೀಟೆ ಮರದ ತಟ್ಟೆಯ ಮೇಲೆ. ಹೂವಿನ ಎಸಳು ಒಂದೊಂದಾಗಿ ಆಳವಾಗುತ್ತಾ ಹೋಗಿ ಕೊನೆಯ ಎಸಳಲ್ಲಿ ತೂತೇ ಬಿತ್ತು. ಆ ಬೀಟೆ ಚೂರು ಇನ್ನೂ ಇದೆ, ಚಹಾ ಲೋಟ ಇಡಲು ಬಳಸುತ್ತೇನೆ. ತಪ್ಪು ನನ್ನದೇ. ಇಆರ್11 ಕಾಲೆಟ್ಟನ್ನು ಮೊದಲು ನಟ್‌ನೊಳಗೆ ಓರೆಯಾಗಿ ಒತ್ತಿ ಟಕ್ ಅಂತ ಕೂರಿಸಬೇಕು, ಆಮೇಲೆ ನಟ್ಟನ್ನು ಸ್ಪಿಂಡಲ್‌ಗೆ ಹಾಕಬೇಕು, ಆಮೇಲೆ ಬಿಟ್. ನಾನು ಕಾಲೆಟ್ಟನ್ನು ಸ್ಪಿಂಡಲ್ ಬಾಯಿಗೆ ಹಾಕಿ ಮೇಲಿಂದ ನಟ್ ತಿರುಗಿಸಿದ್ದೆ. ಕೈಗೆ ಬಿಗಿಯಾದಂತೆ ಅನಿಸುತ್ತದೆ, ಹಿಡಿತ ಇರುವುದಿಲ್ಲ. ಇನ್ನೊಂದು, ಈ ಯಂತ್ರದ ಬಿಟ್‌ಗಳ ಕಾಂಡ ಸಾಮಾನ್ಯವಾಗಿ 3.175 ಮಿ.ಮೀ. ಅದನ್ನು 3 ಮಿ.ಮೀ. ಕಾಲೆಟ್‌ಗೆ ತುರುಕುವುದು, 3 ಮಿ.ಮೀ. ಬಿಟ್ಟನ್ನು 3.175ರ ಕಾಲೆಟ್‌ನಲ್ಲಿ ಎಳೆದು ಬಿಗಿಯುವುದು, ಎರಡೂ ಬೇಡ. ಕಾಲೆಟ್ ಸೀಳುಗಳಲ್ಲಿ ಮರದ ಹುಡಿ ಸೇರಿದ್ದರೆ ಹಳೆಯ ಹಲ್ಲುಜ್ಜುವ ಬ್ರಶ್‌ನಿಂದ ಉಜ್ಜಿ. ಬಿಗಿಯಲು ಎರಡು ಸ್ಪ್ಯಾನರ್ ಬೇಕು. ಒಂದನ್ನು ಬಳಸಿ ಇನ್ನೊಂದು ಕೈಯಲ್ಲಿ ಮೋಟರ್ ಹಿಡಿದುಕೊಂಡರೆ ಸಾಲದು. ಹುಡಿಯನ್ನು ಮೇಲಕ್ಕೆ ಎತ್ತುವ ಅಪ್‌ಕಟ್ ಬಿಟ್ ಆದರೆ ಇನ್ನೂ ಜಾಗ್ರತೆ. ಅದು ಹುಡಿಯನ್ನು ಮೇಲಕ್ಕೆ ಎಳೆಯುತ್ತಾ ತನ್ನನ್ನು ತಾನೇ ಮರದೊಳಗೆ ಎಳೆದುಕೊಳ್ಳುತ್ತದೆ.

ಕಪ್ಲರ್‌ನ ಗೆರೆ ಮುರಿದಿದ್ದರೆ ಅದರ ಗ್ರಬ್ ಸ್ಕ್ರೂ, ಅಂದರೆ ತಲೆಯಿಲ್ಲದ ಸಣ್ಣ ಸ್ಕ್ರೂ, ಸಡಿಲ. ಅಲನ್ ಕೀ ಹಾಕಿ ಬಿಗಿಯಿರಿ. ಮೋಟರ್ ಶಾಫ್ಟ್‌ನಲ್ಲಿ ಚಪ್ಪಟೆ ಭಾಗ ಇದ್ದರೆ ಒಂದು ಸ್ಕ್ರೂ ಅದರ ಮೇಲೇ ಕೂರಬೇಕು. ಇನ್ನು ಈ ಸಣ್ಣ ಯಂತ್ರಗಳಲ್ಲಿ ಹಲವದರಲ್ಲಿ ಒಂದು ಹುಟ್ಟು ದೋಷ ಇದೆ. ಝಡ್‌ನ ಲೀಡ್ ಸ್ಕ್ರೂವನ್ನು ಮೇಲೆ ಹಿಡಿದಿರುವುದು ಬರೀ ಆ ಕಪ್ಲರ್. ಬೇರಿಂಗ್ ಇರುವುದಿಲ್ಲ. ಕಪ್ಲರ್ ಸುರುಳಿ ಸೀಳಿದ ಅಲ್ಯೂಮಿನಿಯಂ ತುಂಡು, ಅಂದರೆ ಸ್ಪ್ರಿಂಗ್. ಸ್ಪಿಂಡಲ್ಲಿನ ಭಾರ ಪೂರ್ತಿ ಆ ಸ್ಪ್ರಿಂಗ್‌ಗೆ ಜೋತುಬಿದ್ದಿದೆ. ಬಿಟ್ ಗಟ್ಟಿ ಮರಕ್ಕೆ ಇಳಿಯುವಾಗ ಸ್ಪ್ರಿಂಗ್ ಮೇಲಕ್ಕೆ ಅಮುಕಿಕೊಳ್ಳುತ್ತದೆ, ಆಳ ಕಮ್ಮಿ. ಮೃದು ಮರದಲ್ಲಿ ಹಾಗಾಗುವುದಿಲ್ಲ. ಹಾಲೆ ಮರದಲ್ಲಿ ಸರಿ ಬಂದದ್ದು ತೇಗದಲ್ಲಿ ಯಾಕೆ ಬರಲ್ಲ ಅನ್ನುವವರು ಮೊದಲು ಇಲ್ಲಿ ನೋಡಿ. ಕೈಯಲ್ಲಿ ಸ್ಪಿಂಡಲ್ ಹಿಡಿದು, ಸ್ಪಿಂಡಲ್ ಆಫ್ ಇದ್ದು ಉಳಿದ ಮೋಟರ್‌ಗಳು ಆನ್ ಇರುವಾಗ, ಮೇಲಕ್ಕೆ ಕೆಳಕ್ಕೆ ಅಲ್ಲಾಡಿಸಿ. ಡಯಲ್ ಗೇಜ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಬೆರಳಿಗೇ ಗೊತ್ತಾಗುತ್ತದೆ. ಪ್ಲೇ, ಅಂದರೆ ಸಡಿಲ ಅಲ್ಲಾಟ, ಇದ್ದರೆ ಸ್ಕ್ರೂ ಜೊತೆ ನಟ್ಟನ್ನೂ ನೋಡಿ. ಆ ಅಲ್ಲಾಟ ತಡೆಯುವ, ಸ್ಪ್ರಿಂಗ್ ಇರುವ ಆಂಟಿ-ಬ್ಯಾಕ್‌ಲಾಶ್ ನಟ್ ಹೆಚ್ಚು ಬೆಲೆಯದ್ದಲ್ಲ.

ಗೆರೆ ಯಾವುದೂ ಮುರಿದಿಲ್ಲ, ಆದರೂ ಸೊನ್ನೆ ತಪ್ಪಿದೆ. ಹಾಗಾದರೆ ಮೋಟರ್ ಸ್ಟೆಪ್ ಕಳೆದುಕೊಳ್ಳುತ್ತಿದೆ. ಕಂಟ್ರೋಲರ್ 5 ಮಿ.ಮೀ. ಏರು ಅಂದಿತು, ಮೋಟರ್ ಭಾರ ಎತ್ತಲಾರದೆ 4.95 ಏರಿತು, ಕಂಟ್ರೋಲರ್‌ಗೆ ಅದು ಗೊತ್ತೇ ಇಲ್ಲ. ಮುಂದಿನ ಸಲ ಇಳಿದಾಗ 0.05 ಜಾಸ್ತಿ ಆಳ. ಹತ್ತು ಸಲ ಹೀಗಾದರೆ ಅರ್ಧ ಮಿಲಿಮೀಟರ್. ಇಲ್ಲಿ ಕನ್ನಡದವರಿಗೆ ಒಂದು ವಿಶೇಷ ಕಷ್ಟ ಇದೆ ನೋಡಿ. ನಮ್ಮ ಅಕ್ಷರಗಳಲ್ಲಿ ಒತ್ತು, ಗುಣಿತ, ದೀರ್ಘ ಅಂತ ಬಿಡಿ ಬಿಡಿ ತುಂಡುಗಳು ಜಾಸ್ತಿ. ‘ಲಕ್ಷ್ಮೀ’ ಒಂದೇ ಪದದಲ್ಲಿ ಬಿಟ್ ಎಷ್ಟು ಸಲ ಏಳಬೇಕು ಇಳಿಯಬೇಕು ಲೆಕ್ಕ ಹಾಕಿ. ಪ್ರತಿ ಏರಿಳಿತವೂ ಸ್ಟೆಪ್ ಕಳೆಯಲು ಒಂದು ಅವಕಾಶ.

ಖಾತ್ರಿ ಮಾಡಿಕೊಳ್ಳಲು ಮರ ಇಲ್ಲದೆ, ಸ್ಪಿಂಡಲ್ ಆಫ್ ಇಟ್ಟು, ಗಾಳಿಯಲ್ಲೇ ನೂರು ಸಲ 5 ಮಿ.ಮೀ. ಏರಿಸಿ ಇಳಿಸುವ ಒಂದು ಪುಟ್ಟ ಪ್ರೋಗ್ರಾಂ ಓಡಿಸಿ. ಗಾಳಿಯಲ್ಲೂ ಸೊನ್ನೆ ತಪ್ಪಿದರೆ ತಪ್ಪು ವೇಗದಲ್ಲಿ, ಕರೆಂಟ್‌ನಲ್ಲಿ ಅಥವಾ ಎಲ್ಲೋ ಬಿಗಿ ಹಿಡಿದಿದೆ. ಗಾಳಿಯಲ್ಲಿ ಸರಿಯಿದ್ದು ಮರದಲ್ಲಿ ಮಾತ್ರ ತಪ್ಪಿದರೆ ಬಿಟ್ ಮೊಂಡಾಗಿದೆ, ಅಥವಾ ತುಂಬಾ ಜೋರಾಗಿ ಇಳಿಸುತ್ತಿದ್ದೀರಿ. ವೇಗ ನೋಡಲು $112 (ಝಡ್‌ನ ಗರಿಷ್ಠ ವೇಗ) ಮತ್ತು $122 (ವೇಗ ಏರುವ ದರ) ಎರಡನ್ನೂ ಅರ್ಧ ಮಾಡಿ ಪರೀಕ್ಷೆ ಮಾಡಿ. ಬಿಗಿ ನೋಡಲು ಪವರ್ ತೆಗೆದು ಝಡ್ ಸ್ಕ್ರೂವನ್ನು ಕೈಯಲ್ಲಿ ತಿರುಗಿಸಿ. ಮೇಲಿಂದ ಕೆಳಗಿನವರೆಗೆ ಒಂದೇ ರೀತಿ ತಿರುಗಬೇಕು. ಒಂದು ಜಾಗದಲ್ಲಿ ಗಟ್ಟಿಯಾದರೆ ರಾಡ್‌ಗಳು ಸಮಾಂತರ ಇಲ್ಲ, ಅಥವಾ ಎಣ್ಣೆಗೆ ಮರದ ಹುಡಿ ಸೇರಿ ಮೇಣದ ಹಾಗೆ ಕಟ್ಟಿಕೊಂಡಿದೆ.

ಕರೆಂಟ್ ಹೆಚ್ಚಿಸುವುದು ಕೊನೆಯ ಮಾತು. ಎ4988 ಡ್ರೈವರ್ ಆದರೆ, ಅದರ ಮೇಲಿನ ರೆಸಿಸ್ಟರ್ 0.1 ಓಮ್ ಇದ್ದಾಗ, ವಿರೆಫ್, ಅಂದರೆ ಕರೆಂಟ್ ಮಿತಿ ಹೊಂದಿಸುವ ವೋಲ್ಟೇಜ್, ಬೇಕಾದ ಆಂಪಿಯರ್‌ನ 0.8 ಪಟ್ಟು. ಡಿಆರ್‌ವಿ8825 ಆದರೆ ಆಂಪಿಯರ್‌ನ ಅರ್ಧ, 0.5 ಪಟ್ಟು. ಮೋಟರ್ ಮೇಲೆ ಬರೆದ ಆಂಪಿಯರ್ ದಾಟಬೇಡಿ, ಡ್ರೈವರ್‌ಗೆ ಹೀಟ್‌ಸಿಂಕ್ ಇರಲಿ, ಗಾಳಿ ಆಡಲಿ. ಕಾದ ಡ್ರೈವರ್ ತನ್ನನ್ನು ತಾನೇ ಒಂದು ಕ್ಷಣ ಆಫ್ ಮಾಡಿಕೊಳ್ಳುತ್ತದೆ, ಆಗಲೂ ಸ್ಟೆಪ್ ಹೋಗುತ್ತದೆ. ಪವರ್ ಇರುವಾಗ ಮೋಟರ್ ವೈರ್ ಮಾತ್ರ ಕೀಳಬೇಡಿ, ಡ್ರೈವರ್ ಸುಟ್ಟುಹೋಗುತ್ತದೆ.

ಕೊನೆಗೆ ಒಂದು ಸಣ್ಣದು. ಜಿಆರ್‌ಬಿಎಲ್‌ನ $1 ಸೆಟ್ಟಿಂಗ್ ಎಷ್ಟಿದೆ ನೋಡಿ. 25 ಇದ್ದರೆ ಚಲನೆ ನಿಂತ 25 ಮಿಲಿಸೆಕೆಂಡಿಗೆ ಮೋಟರ್‌ಗಳು ಹಿಡಿತ ಬಿಡುತ್ತವೆ. ನೀವು ಸೊನ್ನೆ ಮಾಡಿ, ಒಳಗೆ ಹೋಗಿ ಕಾಫಿ ಕುಡಿದು ಬಂದು ಸ್ಟಾರ್ಟ್ ಒತ್ತುವಷ್ಟರಲ್ಲಿ ಸ್ಪಿಂಡಲ್ ತನ್ನ ಭಾರಕ್ಕೆ ಒಂದು ಕೂದಲಿನಷ್ಟು ಇಳಿದಿರಬಹುದು. 255 ಹಾಕಿದರೆ ಯಾವಾಗಲೂ ಹಿಡಿದೇ ಇರುತ್ತವೆ. ಮೋಟರ್ ಬೆಚ್ಚಗಾಗುತ್ತದೆ, ಗಾಬರಿ ಬೇಡ.

ಪ್ರಶ್ನೆ: ಮೊದಲು ದಪ್ಪ ಬಿಟ್‌ನಲ್ಲಿ ಜಾಸ್ತಿ ಮರ ತೆಗೆದು, ಆಮೇಲೆ ಸಣ್ಣ ಬಿಟ್ ಹಾಕಿ ನಯ ಮಾಡುತ್ತೇನೆ. ಸಣ್ಣ ಬಿಟ್ ಒಂದೋ ಗಾಳಿಯಲ್ಲಿ ಓಡುತ್ತದೆ, ಇಲ್ಲಾ ತುಂಬಾ ಆಳಕ್ಕೆ ಹೋಗುತ್ತದೆ. ಪ್ರತಿ ಸಲ ಮತ್ತೆ ಸೊನ್ನೆ ಮಾಡಿಯೇ ಶುರು ಮಾಡುತ್ತೇನೆ.
— ಓದುಗರೊಬ್ಬರು, ಮಂಗಳೂರು

ಉತ್ತರ: ಎಲ್ಲಿ ಸೊನ್ನೆ ಮಾಡುತ್ತೀರಿ ಅಂತ ಬರೆದಿಲ್ಲ. ಮೊದಲ ಬಿಟ್‌ಗೆ ಮರದ ಮೇಲ್ಮೈಯಲ್ಲಿ ಮಾಡಿರುತ್ತೀರಿ. ಎರಡನೇ ಬಿಟ್ ಹಾಕುವಾಗ ಆ ಮೇಲ್ಮೈಯನ್ನೇ ಮೊದಲನೆಯದು ಕೆರೆದು ಹಾಕಿರುತ್ತದೆ. ಕೆರೆದ ಜಾಗದಲ್ಲಿ ಸೊನ್ನೆ ಮಾಡಿದರೆ ಅಷ್ಟು ಆಳ ಜಾಸ್ತಿ ಆಗಲೇಬೇಕಲ್ವಾ? ಕೆಲಸ ಮುಗಿಯುವವರೆಗೆ ಬದಲಾಗದ ಜಾಗ ಆರಿಸಿಕೊಳ್ಳಿ. ನನಗೆ ಇಷ್ಟವಾದದ್ದು ವೇಸ್ಟ್ ಬೋರ್ಡ್. ಡ್ರಾಯಿಂಗ್ ಮಾಡುವಾಗಲೇ ಸಾಫ್ಟ್‌ವೇರ್‌ನಲ್ಲಿ ಸೊನ್ನೆಯನ್ನು ಮರದ ತಳಕ್ಕೆ ಇಟ್ಟು, ಮರದ ದಪ್ಪ ಬರೆಯಿರಿ. ಆ ದಪ್ಪವನ್ನು ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆದು ಬರೆಯಬೇಕು, ಅಂಗಡಿಯವರು ಹೇಳಿದ್ದನ್ನಲ್ಲ. 12 ಅಂತ ಕೊಟ್ಟ ಪ್ಲೈವುಡ್ 11.5ರ ಹತ್ತಿರ ಬರುವುದು ಹೊಸ ವಿಷಯವೇನಲ್ಲ. ಮರವನ್ನು ತಳದವರೆಗೆ ಪೂರ್ತಿ ಕತ್ತರಿಸುವ ಕೆಲಸಕ್ಕಂತೂ ತಳದ ಸೊನ್ನೆಯೇ ಸರಿ, ಬೆಡ್‌ಗೆ ಗಾಯ ಆಗುವುದೂ ಕಡಿಮೆ.

ಪ್ರೋಬ್ ಪ್ಲೇಟ್ (ಬಿಟ್ ತಾಗಿಸಿ ಸೊನ್ನೆ ಕಂಡುಹಿಡಿಯುವ ಲೋಹದ ತಟ್ಟೆ) ಬಳಸುತ್ತಿದ್ದರೆ ಅದರ ದಪ್ಪವನ್ನೂ ನೀವೇ ಅಳೆಯಿರಿ. ಸೊನ್ನೆ ಮಾಡುವ ಮ್ಯಾಕ್ರೋದಲ್ಲಿ (ಸಿದ್ಧ ಆದೇಶಗಳ ಪಟ್ಟಿ) ಮೊದಲೇ ಇರುವ ಅಂಕಿ ನಿಮ್ಮ ಪ್ಲೇಟ್‌ನದ್ದಲ್ಲದಿರಬಹುದು. ಪ್ಲೇಟ್ ಅಡಿ ಒಂದು ಚೂರು ಮರದ ಸಿಪ್ಪೆ ಸಿಕ್ಕಿಕೊಂಡರೂ ಲೆಕ್ಕ ತಪ್ಪುತ್ತದೆ, ಊದಿ ಇಡಿ.

ಪ್ರಶ್ನೆ: ಹಲಸಿನ ಮರದಲ್ಲಿ ಕುಂಕುಮದ ತಟ್ಟೆ ಮಾಡುತ್ತಿದ್ದೇನೆ. ತಟ್ಟೆಯ ತಳ ನಯವಾಗಿ ಬರುತ್ತಿಲ್ಲ, ಉತ್ತ ಗದ್ದೆಯ ಹಾಗೆ ಸಾಲು ಸಾಲು ಏಣು. ಕೈಗೆ ತಾಗುತ್ತದೆ. ಸಾಣೆ ಕಾಗದ ಹಿಡಿದು ಉಜ್ಜಿ ಉಜ್ಜಿ ಸಾಕಾಯಿತು. ಇದೂ ಆಳದ ತೊಂದರೆಯೇ?
— ಓದುಗರೊಬ್ಬರು, ಸಾಗರ

ಉತ್ತರ: ಆಳದ್ದೇ, ಆದರೆ ಝಡ್‌ನದ್ದಲ್ಲ. ನಿಮ್ಮ ಸ್ಪಿಂಡಲ್ ನೆಟ್ಟಗೆ ನಿಂತಿಲ್ಲ. ಚಪ್ಪಟೆ ಮೂತಿಯ ಬಿಟ್ ಓರೆಯಾಗಿದ್ದರೆ ಅದರ ಒಂದು ಅಂಚು ಕೆಳಗೆ, ಇನ್ನೊಂದು ಮೇಲೆ. 6 ಮಿ.ಮೀ. ಬಿಟ್ ಒಂದೇ ಡಿಗ್ರಿ ವಾಲಿದರೆ ಎರಡು ಅಂಚಿನ ನಡುವೆ 0.1 ಮಿ.ಮೀ. ವ್ಯತ್ಯಾಸ. ಕೈಗೆ ತಾಗಲು ಅಷ್ಟು ಸಾಕು. ಎಡಬಲಕ್ಕೆ ಓಡಿದಾಗ ಏಣು ಬಂದರೆ ಸ್ಪಿಂಡಲ್ ಹಿಂದೆಮುಂದೆ ವಾಲಿದೆ, ಹಿಂದೆಮುಂದೆ ಓಡಿದಾಗ ಬಂದರೆ ಎಡಬಲಕ್ಕೆ ವಾಲಿದೆ. ಬೇರೆ ಬೇರೆ ಚೂರಿನಲ್ಲಿ ಎರಡೂ ಮಾಡಿ ನೋಡಿ.

ಸರಿಪಡಿಸಲು ಒಂದು ಗಟ್ಟಿ ತಂತಿಯನ್ನು ಎಲ್ ಆಕಾರಕ್ಕೆ ಬಗ್ಗಿಸಿ ಕಾಲೆಟ್‌ಗೆ ಹಾಕಿ. ತುದಿ ಬೆಡ್‌ಗೆ ಹಾಳೆಯಷ್ಟು ಅಂತರದಲ್ಲಿ ಇರಲಿ. ಪ್ಲಗ್ ತೆಗೆದು ಕೈಯಲ್ಲಿ ಸುತ್ತ ತಿರುಗಿಸಿ. ಒಂದು ಕಡೆ ಉಜ್ಜಿ ಇನ್ನೊಂದು ಕಡೆ ಎದ್ದರೆ ಓರೆ ಎಷ್ಟಿದೆ ಅಂತ ಕಣ್ಣಿಗೇ ಕಾಣುತ್ತದೆ. ತಂತಿ ಉದ್ದ ಇದ್ದಷ್ಟೂ ಸಣ್ಣ ಓರೆಯೂ ದೊಡ್ಡದಾಗಿ ಕಾಣುತ್ತದೆ. ಬೆಡ್ ಉಬ್ಬುತಗ್ಗು ಇದ್ದರೆ ಒಂದು ಗಾಜಿನ ತುಂಡು ಇಟ್ಟು ಅದರ ಮೇಲೆ ನೋಡಿ. ಆಮೇಲೆ ಸ್ಪಿಂಡಲ್ ಕ್ಲಾಂಪ್‌ನ ಸ್ಕ್ರೂ ಸಡಿಲಿಸಿ, ಹಿಂದೆ ಮೇಲೆಯೋ ಕೆಳಗೆಯೋ ಕಾಗದದ ಪಟ್ಟಿ ಸೇರಿಸಿ ಬಿಗಿಯಿರಿ. ಎ4 ಹಾಳೆ ಸುಮಾರು 0.1 ಮಿ.ಮೀ. ಇರುತ್ತದೆ. ಕಾಗದ ಅಮುಕಿಹೋಗುತ್ತದೆ ಅನಿಸಿದರೆ ತಂಪು ಪಾನೀಯದ ಅಲ್ಯೂಮಿನಿಯಂ ಡಬ್ಬಿ ಕತ್ತರಿಸಿ ಹಾಕಿ, ಅದರ ಗೋಡೆಯೂ ಹೆಚ್ಚುಕಡಿಮೆ ಅಷ್ಟೇ ದಪ್ಪ. ಸ್ಪಿಂಡಲ್ ನೆಟ್ಟಗಾದ ಮೇಲೇ ವೇಸ್ಟ್ ಬೋರ್ಡ್ ಕೆರೆಯಿರಿ, ಉಲ್ಟಾ ಮಾಡಿದರೆ ಬೆಡ್‌ಗೂ ಇದೇ ಏಣು ಬೀಳುತ್ತದೆ.

ಪ್ರಶ್ನೆ: ನಾನು ಡಿಪ್ಲೊಮಾ ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿ. ಪ್ರಾಜೆಕ್ಟ್‌ಗೆ ಸಿಎನ್‌ಸಿಯಲ್ಲೇ ಪಿಸಿಬಿ (ಸರ್ಕ್ಯೂಟ್ ಬೋರ್ಡ್) ಕೆತ್ತುತ್ತಿದ್ದೇನೆ. ಒಂದು ಮೂಲೆಯಲ್ಲಿ ತಾಮ್ರ ಕತ್ತರಿಸುವುದೇ ಇಲ್ಲ, ಇನ್ನೊಂದು ಮೂಲೆಯಲ್ಲಿ ಉಳಿಯಬೇಕಾದ ತಾಮ್ರದ ಟ್ರ್ಯಾಕೇ ಕಿತ್ತುಹೋಗುತ್ತದೆ. ಬೋರ್ಡ್ ನೋಡಲು ಚಪ್ಪಟೆಯಾಗಿಯೇ ಇದೆ ಸರ್.
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಕಣ್ಣಿಗೆ ಚಪ್ಪಟೆ, ತಾಮ್ರದ ಲೆಕ್ಕಕ್ಕೆ ಅಲ್ಲ. ಸಾಮಾನ್ಯ ಬೋರ್ಡ್ ಮೇಲಿನ ತಾಮ್ರ ಸುಮಾರು 35 ಮೈಕ್ರಾನ್. ಅಂದರೆ ಒಂದು ಮಿಲಿಮೀಟರ್‌ನಲ್ಲಿ ಇಂಥ 28 ಪದರ ಕೂರುತ್ತವೆ. ನೀವು 0.1 ಮಿ.ಮೀ. ಆಳ ಕೇಳಿ, ಬೋರ್ಡ್ ಒಂದು ಮೂಲೆಯಲ್ಲಿ 0.15 ತಗ್ಗಿದ್ದರೆ ಬಿಟ್ ತಾಮ್ರಕ್ಕೆ ತಾಗುವುದೇ ಇಲ್ಲ. ಮೇಲೆದ್ದ ಮೂಲೆಯಲ್ಲಿ ಆಳ ಜಾಸ್ತಿ, ಆಳದ ಜೊತೆ ಗೆರೆಯ ಅಗಲವೂ ಜಾಸ್ತಿ, ತೆಳ್ಳಗಿನ ಟ್ರ್ಯಾಕ್ ಹೋಗುತ್ತದೆ. ನಮ್ಮ ಹಾಸನದವರಿಗೆ ಹೇಳಿದ ಹಾಗೆ ಬೆಡ್ ಕೆರೆದು ಇದನ್ನು ಪೂರ್ತಿ ಸರಿಮಾಡೋಕೆ ಹೋಗಬೇಡಿ. ಮರಕ್ಕೆ ಅದು ಸಾಕು, ತಾಮ್ರಕ್ಕೆ ಸಾಲದು.

ನಿಮಗೆ ಬೇಕಾದದ್ದು ಹೈಟ್‌ಮ್ಯಾಪ್, ಅಂದರೆ ಬೋರ್ಡ್‌ನ ಉಬ್ಬುತಗ್ಗಿನ ನಕ್ಷೆ. ಬಿಟ್‌ಗೆ ಒಂದು ಕ್ರೊಕೊಡೈಲ್ ಕ್ಲಿಪ್, ತಾಮ್ರಕ್ಕೆ ಇನ್ನೊಂದು. ಬಿಟ್ ತಾಗಿದ ಕೂಡಲೇ ಸರ್ಕ್ಯೂಟ್ ಪೂರ್ತಿಯಾಗಿ ಕಂಟ್ರೋಲರ್‌ಗೆ ಗೊತ್ತಾಗುತ್ತದೆ. ಆರ್ಡುಯಿನೋ ಊನೋ ಮೇಲಿನ ಜಿಆರ್‌ಬಿಎಲ್ ಆದರೆ ಪ್ರೋಬ್ ವೈರ್ ಎ5 ಪಿನ್‌ಗೆ ಹೋಗುತ್ತದೆ, ಇನ್ನೊಂದು ಗ್ರೌಂಡ್‌ಗೆ. 3018 ಜೊತೆ ಬಹಳ ಸಲ ಬರುವ ಕ್ಯಾಂಡಲ್ ಸಾಫ್ಟ್‌ವೇರ್‌ನಲ್ಲೇ ಹೈಟ್‌ಮ್ಯಾಪ್ ಇದೆ, ಬಿಸಿಎನ್‌ಸಿಯಲ್ಲೂ ಇದೆ. ಬೋರ್ಡ್ ಮೇಲೆ 10 ಮಿ.ಮೀ.ಗೆ ಒಂದರಂತೆ ಚುಕ್ಕಿ ಇಟ್ಟು, ರಂಗೋಲಿಗೆ ಇಟ್ಟ ಹಾಗೆ, ಪ್ರತಿ ಚುಕ್ಕಿಯ ಎತ್ತರ ಅಳೆದುಕೊಂಡು, ಆ ಉಬ್ಬುತಗ್ಗಿಗೆ ಸರಿಯಾಗಿ ನಿಮ್ಮ ಜಿ-ಕೋಡ್‌ನ (ಯಂತ್ರಕ್ಕೆ ಕೊಡುವ ಆದೇಶಗಳ) ಝಡ್ ತಿದ್ದಿಕೊಡುತ್ತದೆ. ಅಳೆದ ಮೇಲೆ ಬೋರ್ಡ್ ಕದಲಿಸಬಾರದು. ಕೆತ್ತುವ ಮೊದಲು ಕ್ಲಿಪ್ ತೆಗೆಯಲು ಮರೆಯಬೇಡಿ, ಸ್ಪಿಂಡಲ್ ತಿರುಗಿದರೆ ವೈರ್ ಸುತ್ತಿಕೊಂಡು ಕಿತ್ತು ಬರುತ್ತದೆ.

ಬಿಟ್‌ನ ಲೆಕ್ಕವೂ ಹೇಳಿಬಿಡುತ್ತೇನೆ. ತುದಿ 0.1 ಇರುವ 30 ಡಿಗ್ರಿ ಬಿಟ್ 0.1 ಆಳದಲ್ಲಿ ಸುಮಾರು 0.15 ಅಗಲ ಕೆತ್ತುತ್ತದೆ, 0.2 ಆಳದಲ್ಲಿ 0.2 ಅಗಲ. ಹೈಟ್‌ಮ್ಯಾಪ್ ಆದ ಮೇಲೆ 0.07ರಿಂದ ಶುರು ಮಾಡಿ, ತಾಮ್ರ ಪೂರ್ತಿ ಬಿಟ್ಟಿಲ್ಲ ಅಂದರೆ 0.02 ಹೆಚ್ಚಿಸಿ. ಹೈಟ್‌ಮ್ಯಾಪ್ ಮಾಡಿಯೂ ತಪ್ಪಾದರೆ ಮೇಲೆ ಹೇಳಿದ ಮಾರ್ಕರ್ ಗೆರೆಗಳ ಪರೀಕ್ಷೆಗೆ ಬನ್ನಿ. ಜಾರುವ ಬಿಟ್ಟನ್ನು ಯಾವ ಮ್ಯಾಪೂ ಸರಿ ಮಾಡುವುದಿಲ್ಲ. ಇನ್ನೊಂದು ಮಾತು, ಎಫ್‌ಆರ್4 ಬೋರ್ಡ್‌ನ ಹುಡಿ ಗಾಜಿನ ನಾರು, ಮಾಸ್ಕ್ ಹಾಕದೆ ಕೂರಬೇಡಿ. ಹಾಸ್ಟೆಲ್ ರೂಮಿನಲ್ಲಂತೂ ಬೇಡವೇ ಬೇಡ.

ಪ್ರಶ್ನೆ: ಹುಡಿ ಎಳೆಯಲು ವ್ಯಾಕ್ಯೂಮ್ ಕ್ಲೀನರ್ ಹೋಸ್ ಸಿಕ್ಕಿಸಿದ ದಿನದಿಂದ ಎಡಗಡೆ ಆಳ ಕಮ್ಮಿಯಾಗಿದೆ. ಹೋಸ್ ತೆಗೆದರೆ ಸರಿ. ಮನೆಯವರು ಹೋಸ್ ಇಲ್ಲದೆ ಯಂತ್ರ ಮುಟ್ಟಬೇಡಿ ಅಂದಿದ್ದಾರೆ.
— ಓದುಗರೊಬ್ಬರು, ಬೆಂಗಳೂರು

ಉತ್ತರ: ಮನೆಯವರು ಹೇಳಿದ್ದೇ ಸರಿ, ಹೋಸ್ ಇರಲಿ. ಸ್ಪಿಂಡಲ್ ಎಡಕ್ಕೆ ಹೋದಾಗ ಹೋಸ್ ಬಿಗಿಯಾಗಿ ಮೇಲಕ್ಕೆ ಜಗ್ಗುತ್ತಿದೆ, ಅಷ್ಟೇ. ಅಷ್ಟು ಜಗ್ಗಿದರೂ ಆಳ ಬದಲಾಗುತ್ತಿದೆ ಅಂದರೆ ನಿಮ್ಮ ಝಡ್‌ನಲ್ಲಿ ಪ್ಲೇ ಇದೆ, ನಟ್ ಮತ್ತು ಕಪ್ಲರ್ ನೋಡಿ. ಬ್ರಶ್ ಇರುವ ಡಸ್ಟ್ ಶೂ ಹಾಕಿದ್ದರೆ ಅದರ ಕೂದಲು ಗಟ್ಟಿಯಿದ್ದರೂ ಸ್ಪಿಂಡಲ್ಲನ್ನು ಮೇಲಕ್ಕೆ ತಳ್ಳುತ್ತದೆ, ಕತ್ತರಿಯಿಂದ ಸ್ವಲ್ಪ ಮೋಟು ಮಾಡಿ. ಹೋಸನ್ನು ಯಂತ್ರದ ನೆತ್ತಿಗೆ ಸರಿಯಾಗಿ ಸೀಲಿಂಗ್ ಕೊಕ್ಕೆಯಿಂದ ಹಗ್ಗದಲ್ಲಿ ತೂಗುಹಾಕಿ, ಬೆಡ್‌ನ ನಾಲ್ಕು ಮೂಲೆಗೂ ಸ್ಪಿಂಡಲ್ ಹೋದಾಗ ಸಡಿಲವಾಗಿಯೇ ಜೋತಾಡುವಷ್ಟು ಉದ್ದ ಬಿಡಿ. ಬಟ್ಟೆ ಒಣಹಾಕುವ ಹಗ್ಗವೇ ಆದೀತು.